ಭಾನುವಾರದ ದುಭಾಷಿ

ನಾರ್ವೆಯ ಭಾಷೆಯಲ್ಲಿ ‘ನೀವು’ ಇಲ್ಲ. ಹಿಂದೆ ಇತ್ತು. ‘ದೀ’ ಎಂಬ ಗೌರವದ ಪದ ಹಳೆಯ ಪುಸ್ತಕಗಳಲ್ಲಿ ಈಗಲೂ ಸಿಗುತ್ತದೆ, ಆದರೆ 1970ರ ದಶಕದಿಂದೀಚೆಗೆ ಜನರ ಬಾಯಿಂದ ಬಿದ್ದುಹೋಗಿದೆ. ಈಗ ಅಲ್ಲಿ ಎಲ್ಲರೂ ಎಲ್ಲರಿಗೂ ‘ದು’, ಅಂದರೆ ‘ನೀನು’. ಮಗು ಹೆಡ್‌ಮಾಸ್ಟರಿಗೆ ‘ದು’, ರೋಗಿ ಡಾಕ್ಟರಿಗೆ ‘ದು’, ಕೆಲಸಗಾರ ಮಾಲೀಕನಿಗೆ ‘ದು’. ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಸರ್ ಇಲ್ಲ, ಮೇಡಂ ಇಲ್ಲ. (ನಮ್ಮ ಕ್ಲಾಸಿನವರು ಇದನ್ನು ಓದಿ ಸೋಮವಾರ ಪ್ರಯೋಗ ಮಾಡಲು ಹೋಗಬೇಡಿ. ಇಂಟರ್ನಲ್ ಮಾರ್ಕ್ಸ್ ನಾರ್ವೆಯಿಂದ ಬರುವುದಿಲ್ಲ.)

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ನಾನಿಯ ಮುಖ ನೋಡಿ. ನನ್ನ ಮಾಮು ಎಲೆಕ್ಟ್ರಿಕಲ್ ಎಂಜಿನಿಯರ್. 2014ರಿಂದ ನಾರ್ವೆಯ ಪಶ್ಚಿಮ ಭಾಗದ ಫೋರ್ಡೆ ಎಂಬ ಊರಿನಲ್ಲಿದ್ದಾರೆ. ಅವರ ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರು. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಆ ಹುಡುಗಿ ನಾನಿಯನ್ನು, ಅಂದರೆ ಅವಳ ದಾದಿಯನ್ನು, ‘ದಾದಿ, ತೂ ಖಾನಾ ಖಾಯೀ?’ ಎಂದು ಕೇಳಿದಳು. ನಮ್ಮ ಮನೆಯಲ್ಲಿ ದಾದಿಗೆ ‘ತೂ’ ಅಂದರೆ ತಟ್ಟೆ ಎಸೆದ ಹಾಗೆ. ನಾನಿ ಒಂದು ಕ್ಷಣ ಸುಮ್ಮನಾದರು. ಆಮೇಲೆ ‘ಹೌ ಬೇಟಾ, ಖಾಯೀ’ ಅಂದರು. ಕಾಲ್ ಮುಗಿದ ಮೇಲೆ ಅಮ್ಮನ ಹತ್ತಿರ ಮಾತ್ರ ಹೇಳಿದರು: ಮಗ ಮಗಳಿಗೆ ಏನೂ ಕಲಿಸಿಲ್ಲ.

ಕಲಿಸಿದ್ದರು. ಆದರೆ ಆ ಹುಡುಗಿ ಮನಸ್ಸಿನಲ್ಲಿ ‘ದು’ ಅಂದುಕೊಂಡು ಬಾಯಲ್ಲಿ ‘ತೂ’ ಅಂದಿದ್ದಳು. ಅವಳ ಭಾಷೆಯಲ್ಲಿ ಅದು ಒಂದೇ ಬಾಗಿಲು. ನಮ್ಮಲ್ಲಿ ತೂ, ತುಮ್, ಆಪ್ ಎಂದು ಮೂರು ಬಾಗಿಲುಗಳಿವೆ, ಯಾವುದು ಯಾರಿಗೆ ಎಂದು ಬೋರ್ಡ್ ಹಾಕಿಲ್ಲ.

ಈ ವಿಷಯವನ್ನು ನನಗೆ ಬಿಡಿಸಿ ಹೇಳಿದವರು ಮಾಮುವಿನ ಪಕ್ಕದ ಮನೆಯ ಅಜ್ಜಿ. ಎಪ್ಪತ್ತೆರಡು ವರ್ಷ, ಪ್ರೈಮರಿ ಶಾಲೆಯ ನಿವೃತ್ತ ಟೀಚರ್. ಅವರಿಗೆ ಮೊಮ್ಮಕ್ಕಳು ಹತ್ತಿರ ಇಲ್ಲ, ಮಾಮುವಿನ ಮಕ್ಕಳಿಗೆ ಅಜ್ಜಿ ಹತ್ತಿರ ಇಲ್ಲ, ಹಾಗಾಗಿ ಮಕ್ಕಳು ಅವರನ್ನು ‘ಬೆಸ್ತೆಮೂರ್’ ಎಂದು ಕರೆಯುತ್ತಾರೆ. ಅಜ್ಜಿ ಎಂದೇ ಅದರ ಅರ್ಥ. ಭಾನುವಾರದ ಕಾಲ್‌ಗೆ ಅವರೂ ಬಂದು ಕೂರುತ್ತಾರೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಮ್ಮ ಮನೆಯ ಉರ್ದುವಿಗೆ ತಿರುಗಿಸಬೇಕು, ನಾನಿ ಹೇಳಿದ್ದನ್ನು ಇಂಗ್ಲಿಷಿಗೆ. ಮಾಮು ಆ ಹೊತ್ತಿನಲ್ಲಿ ಅಡುಗೆಮನೆಗೆ ಹೋಗಿ ತಪ್ಪಿಸಿಕೊಳ್ಳುತ್ತಾರೆ. ಎರಡು ವರ್ಷದಿಂದ ನಾನು ಸಂಬಳವಿಲ್ಲದ ದುಭಾಷಿ. ಈಗ ಬರೆಯುತ್ತಿರುವುದೆಲ್ಲ ಹೆಚ್ಚಾಗಿ ಆ ಅಜ್ಜಿಯ ಕಣ್ಣಿನ ನಾರ್ವೆ. ಇಸವಿ, ಅಂಕಿಗಳನ್ನು ಮಾತ್ರ ನಾನು ಆಮೇಲೆ ಹುಡುಕಿ ಸೇರಿಸಿದ್ದೇನೆ.

‘ನೀವು’ ಹೋದದ್ದಕ್ಕೆ ಬೇಸರವಿಲ್ಲವೇ ಎಂದು ನಾನಿ ಕೇಳಿಸಿದರು. ಬೆಸ್ತೆಮೂರ್ ತಲೆ ಅಲ್ಲಾಡಿಸಿದರು. ಅವರ ತಂದೆ ಸಣ್ಣ ರೈತ. ಬ್ಯಾಂಕಿನ ಅಧಿಕಾರಿಗೆ ತಂದೆ ‘ದೀ’ ಅನ್ನಬೇಕಿತ್ತು, ಅಧಿಕಾರಿ ತಿರುಗಿ ‘ದು’ ಅನ್ನುತ್ತಿದ್ದ. ಅದನ್ನು ನೋಡಿ ಬೆಳೆದವಳಿಗೆ ಆ ಪದ ಸತ್ತಾಗ ಅಳು ಬರಲಿಲ್ಲ ಅಂದರು. ನಾನಿ ಇದನ್ನು ಕೇಳಿ ಸ್ವಲ್ಪ ಯೋಚಿಸಿ, ‘ನಮ್ಮಲ್ಲಿ ದೊಡ್ಡವರಿಗೆ ಆಪ್ ಅನ್ನುತ್ತೇವೆ, ದುಡ್ಡಿದ್ದವರಿಗೆ ಅಲ್ಲ’ ಅಂದರು. ಅದು ಪೂರ್ತಿ ನಿಜವಲ್ಲ ಎಂದು ನನಗೂ ಗೊತ್ತು, ನಾನಿಗೂ ಗೊತ್ತು. ಆದರೂ ಹಾಗೇ ತರ್ಜುಮೆ ಮಾಡಿದೆ.

ಒಂದು ವಿಷಯದಲ್ಲಿ ಮಾತ್ರ ನಾರ್ವೆಯವರು ಇಂಗ್ಲಿಷರಿಗಿಂತ ನಮಗೆ ಹತ್ತಿರ. ಇಂಗ್ಲಿಷಿನಲ್ಲಿ ಎರಡೂ ಕಡೆಯ ಅಜ್ಜಿಗೆ ಒಂದೇ ಪದ. ಅಲ್ಲಿ ‘ಮೂರ್’ ಅಂದರೆ ತಾಯಿ, ‘ಫಾರ್’ ಅಂದರೆ ತಂದೆ. ತಾಯಿಯ ತಾಯಿ ಮೂರ್‌ಮೂರ್, ತಂದೆಯ ತಾಯಿ ಫಾರ್‌ಮೂರ್, ತಾಯಿಯ ತಂದೆ ಮೂರ್‌ಫಾರ್, ತಂದೆಯ ತಂದೆ ಫಾರ್‌ಫಾರ್. ನಮ್ಮ ನಾನಿ, ದಾದಿ, ನಾನಾ, ದಾದಾ ಸರಿಯಾಗಿ ಕೂರುತ್ತವೆ. ನನಗೆ ಮೂರ್‌ಮೂರ್ ಆದವರು ಅವಳಿಗೆ ಫಾರ್‌ಮೂರ್. ಇದನ್ನು ಕೇಳಿ ನಾನಿಗೆ ಆ ದೇಶದ ಬಗ್ಗೆ ಇದ್ದ ಅರ್ಧ ಅನುಮಾನ ಹೋಯಿತು.

ಇನ್ನರ್ಧ ಅನುಮಾನ ಊಟದ ಬಗ್ಗೆ. ಅಲ್ಲಿನ ಜನ ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು. ಮಧ್ಯಾಹ್ನದ್ದಕ್ಕೆ ‘ಮಾತ್‌ಪಾಕ್ಕೆ’ ಎನ್ನುತ್ತಾರೆ, ಊಟದ ಪೊಟ್ಟಣ. ನಾಲ್ಕು ಚೂರು ಕಂದು ಬ್ರೆಡ್, ಒಂದೊಂದರ ಮೇಲೂ ಚೀಸ್ ಅಥವಾ ಮೀನು, ನಡುವೆ ಅಂಟದಿರಲೆಂದು ಕಾಗದ. ಆ ನಡುವಿನ ಕಾಗದವನ್ನೇ ಅಳತೆಗೆ ಕತ್ತರಿಸಿ ಅಂಗಡಿಯಲ್ಲಿ ಮಾರುತ್ತಾರೆ. ಎಂಜಿನಿಯರೂ ಅದೇ ತಿನ್ನುತ್ತಾನೆ, ಮಂತ್ರಿಯೂ ಅದೇ ತಿನ್ನುತ್ತಾನೆ, ಶಾಲೆಯ ಮಗುವೂ ಅದೇ ತಿನ್ನುತ್ತದೆ. ಹನ್ನೊಂದು ಹನ್ನೊಂದೂವರೆಗೆ ಅರ್ಧ ಗಂಟೆಯಲ್ಲಿ ಮುಗಿಯಿತು. ಬಿಸಿ ಊಟ ದಿನಕ್ಕೆ ಒಂದೇ ಸಲ, ಸಂಜೆ ನಾಲ್ಕೈದು ಗಂಟೆಗೆ, ಕೆಲಸದಿಂದ ಬಂದ ಮೇಲೆ. 1930ರ ದಶಕದಲ್ಲಿ ಓಸ್ಲೋದ ಶಾಲೆಗಳಲ್ಲಿ ಮಕ್ಕಳಿಗೆ ಬ್ರೆಡ್ಡು, ಹಾಲು, ಹಣ್ಣಿನ ಉಪಾಹಾರ ಕೊಡಲು ಶುರು ಮಾಡಿದರು. ಕಾರ್ಲ್ ಶ್ಯೋಟ್ಸ್ ಎಂಬ ವೈದ್ಯರು ಅದಕ್ಕೆ ಕಾರಣ. ಬಡ ಮಕ್ಕಳ ಮೈ ತುಂಬಿಸಲು ಬಂದ ಆ ಬ್ರೆಡ್ಡಿನ ಅಭ್ಯಾಸ ದೇಶ ಶ್ರೀಮಂತವಾದರೂ ಹೋಗಲಿಲ್ಲ. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ದುಡ್ಡು ಬಂದರೆ ಮೊದಲು ಬದಲಾಗುವುದೇ ಟಿಫಿನ್ ಡಬ್ಬಿ.

ಮಾಮು ಮೊದಲ ಸಲ ರಜೆಗೆ ಬಂದಾಗ ‘ಬ್ರೂನೂಸ್ಟ್’ ತಂದಿದ್ದರು. ಹೆಸರಿನ ಅರ್ಥ ಕಂದು ಚೀಸ್. ನಾವು ಹಾಲು ಒಡೆಸಿ ಪನೀರ್ ಮಾಡಿದಾಗ ಚೆಲ್ಲುವ ನೀರು ಇದೆಯಲ್ಲ, ಅದನ್ನೇ ಅವರು ಗಂಟೆಗಟ್ಟಲೆ ಕುದಿಸುತ್ತಾರೆ. ನೀರೆಲ್ಲ ಹೋಗಿ ಹಾಲಿನ ಸಕ್ಕರೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. 1863ರಲ್ಲಿ ಗುದ್‌ಬ್ರಾನ್ಸ್‌ದಾಲ್ ಕಣಿವೆಯ ಆನ್ನೆ ಹೋವ್ ಎಂಬ ಹೆಂಗಸು ಅದಕ್ಕೆ ಕೆನೆ ಸೇರಿಸಿ ನೋಡಿದಳು. ಬೆಣ್ಣೆ, ಧಾನ್ಯದ ಬೆಲೆ ಬಿದ್ದಿದ್ದ ಕಾಲದಲ್ಲಿ ಆ ಚೀಸ್ ಒಳ್ಳೆಯ ಬೆಲೆಗೆ ಹೋಗಿ ಆ ಕಣಿವೆಯ ರೈತರನ್ನು ಉಳಿಸಿತು ಎನ್ನುತ್ತಾರೆ. ಚೆಲ್ಲುವ ವಸ್ತುವಿನಿಂದ ಲಾಭ. ಬಿಸಿನೆಸ್ ಸ್ಟಡೀಸ್ ಉತ್ತರದಲ್ಲಿ ಬರೆಯಬಹುದಾದ ಉದಾಹರಣೆ. ನಾನಿ ಒಂದು ಚೂರು ಬಾಯಿಗೆ ಹಾಕಿಕೊಂಡು ‘ಇದು ಖೋವಾ, ಯಾರೋ ಉಪ್ಪು ಹಾಕಿದ್ದಾರೆ’ ಅಂದರು. ಬೆಸ್ತೆಮೂರ್‌ಗೆ ಇದನ್ನು ಹೇಳಿದಾಗ ಅವರು ಬಹಳ ನಕ್ಕು, 2013ರಲ್ಲಿ ಉತ್ತರದ ಒಂದು ಸುರಂಗದಲ್ಲಿ 27 ಟನ್ ಬ್ರೂನೂಸ್ಟ್ ಹೊತ್ತ ಲಾರಿಗೆ ಬೆಂಕಿ ಬಿದ್ದು ದಿನಗಟ್ಟಲೆ ಆರದೆ ಉರಿದ ಕಥೆ ಹೇಳಿದರು. ಅಷ್ಟು ಕೊಬ್ಬು, ಅಷ್ಟು ಸಕ್ಕರೆ. ಯಾರಿಗೂ ಪೆಟ್ಟಾಗಲಿಲ್ಲ, ಅದಕ್ಕೇ ನಗಬಹುದು.

ನಾರ್ವೆಯ ರಾಷ್ಟ್ರೀಯ ಊಟ ಕೇಳಿ ಮಾತ್ರ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ಕುಳಿತರು, ಏಕೆಂದರೆ ಅದು ಕುರಿಮಾಂಸ. ‘ಫೋರಿಕೋಲ್’ ಎಂದು ಹೆಸರು. ಮೂಳೆಸಹಿತ ಮಾಂಸ, ಎಲೆಕೋಸು, ಇಡೀ ಕಾಳುಮೆಣಸು, ಉಪ್ಪು, ನೀರು. ಒಂದು ಪದರ ಮಾಂಸ, ಒಂದು ಪದರ ಕೋಸು ಜೋಡಿಸಿ ಎರಡು ಮೂರು ಗಂಟೆ ಬೇಯಿಸಬೇಕು. ಸೆಪ್ಟೆಂಬರಿನ ಕೊನೆಯ ಗುರುವಾರ ಫೋರಿಕೋಲ್ ದಿನ. ಬೆಟ್ಟದಲ್ಲಿ ಬೇಸಿಗೆಯಿಡೀ ಮೇಯ್ದ ಕುರಿಗಳು ಕೆಳಗಿಳಿಯುವ ಕಾಲ ಅದು. ನಾನಿ ‘ಆಮೇಲೆ?’ ಎಂದು ಕೇಳಿದರು. ಆಮೇಲೆ ಏನೂ ಇಲ್ಲ, ಅಷ್ಟೇ ಅಂದೆ. ‘ಶುಂಠಿ ಬೆಳ್ಳುಳ್ಳಿ?’ ಇಲ್ಲ. ‘ಈರುಳ್ಳಿ?’ ಇಲ್ಲ. ನಾನಿ ಬೆಸ್ತೆಮೂರ್ ಕಡೆ ಬಹಳ ಕರುಣೆಯಿಂದ ನೋಡಿದರು. ಆದರೂ ಒಂದು ಭಾನುವಾರ ಹಾಗೇ ಮಾಡಿದರು. ಅಣ್ಣ ಗರಂ ಮಸಾಲೆ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತ. ನನಗೆ ರುಚಿಸಿತು. ಮಾಂಸದ ರುಚಿ ಮಾಂಸಕ್ಕೇ ಇದೆ ಎಂದು ಆವತ್ತು ತಿಳಿಯಿತು. ಮತ್ತೆ ಬೇಕು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿ ಹಲಾಲ್ ಮಾಂಸ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಸಿಗುತ್ತದೆ, ಆದರೆ ಪ್ರಾಣಿಯನ್ನು ಮೊದಲು ಪ್ರಜ್ಞೆ ತಪ್ಪಿಸಬೇಕು ಎಂಬ ಕಾನೂನು 1930ರಿಂದ ಇದೆ, ಅದಕ್ಕೆ ವಿನಾಯಿತಿ ಇಲ್ಲ. ಒಪ್ಪುವವರು ತಿನ್ನುತ್ತಾರೆ, ಒಪ್ಪದವರು ಮೀನು ತಿನ್ನುತ್ತಾರೆ. ಮಾಮು ಬರ್ಗನ್ ನಗರಕ್ಕೆ ಹೋದಾಗ ತಿಂಗಳಿಗಾಗುವಷ್ಟು ತಂದು ಫ್ರೀಜರಿನಲ್ಲಿಡುತ್ತಾರೆ.

ಊಟ ಆದ ಮೇಲೆ ಅಲ್ಲಿ ಮಕ್ಕಳೂ ಗಂಡಸರೂ ‘ತಾಕ್ ಫೊರ್ ಮಾತನ್’ ಎನ್ನಲೇಬೇಕು, ‘ಊಟಕ್ಕೆ ಧನ್ಯವಾದ’. ಯಾರು ಅಡುಗೆ ಮಾಡಿದರೋ ಅವರ ಮುಖ ನೋಡಿ. ದಯವಿಟ್ಟು ಎನ್ನುವ ಪದ ಅವರಿಗೆ ಅಷ್ಟಾಗಿ ಬಾಯಿಗೆ ಬರುವುದಿಲ್ಲ, ಧನ್ಯವಾದ ಮಾತ್ರ ಪ್ರತಿಯೊಂದಕ್ಕೂ. ಹಿಂದೆ ಎಂದೋ ಜೊತೆಗೆ ಕಳೆದ ಸಂಜೆಗೆ ಮುಂದಿನ ಸಲ ಸಿಕ್ಕಾಗ ‘ತಾಕ್ ಫೊರ್ ಸಿಸ್ತ್’, ‘ಕಳೆದ ಸಲಕ್ಕೆ ಧನ್ಯವಾದ’. ಸಾಲ ತೀರಿಸಿದ ಹಾಗೆ. ಊಟ ಮುಗಿದ ಮೇಲೆ ನಾವು ಅಲ್ಲಾಹನಿಗೆ ಶುಕ್ರ್ ಹೇಳುತ್ತೇವೆ. ನಾನಿ ನನ್ನ ಅಪ್ಪನ ಕಡೆಗೆ ತಿರುಗಿ, ಅಲ್ಲಾಹನಿಗೆ ಹೇಳಿದ ಮೇಲೆ ಅಡುಗೆ ಮಾಡಿದವಳಿಗೂ ಒಂದು ಮಾತು ಹೇಳಿದರೆ ಗುನಾಹ್ ಏನಲ್ಲ ಅಂದರು. ಅಪ್ಪ ಪೇಪರ್ ಓದುತ್ತಿದ್ದರು, ಓದುತ್ತಲೇ ಇದ್ದರು.

ಕೆಲಸದ ವಿಷಯಕ್ಕೆ ಬಂದರೆ ನಾನು ಕಾಮರ್ಸ್ ವಿದ್ಯಾರ್ಥಿನಿ, ಸ್ವಲ್ಪ ಉದ್ದವಾಗಬಹುದು. ಅಲ್ಲಿ ಒಪ್ಪಂದದ ಪ್ರಕಾರ ಹೆಚ್ಚಿನವರಿಗೆ ವಾರಕ್ಕೆ 37.5 ಗಂಟೆ ಕೆಲಸ. ನಾಲ್ಕು ಗಂಟೆಗೆ ಆಫೀಸು ಖಾಲಿ. ಸರ್ಕಾರ ಎಲ್ಲರಿಗೂ ಒಂದೇ ಕನಿಷ್ಠ ವೇತನ ಎಂದು ಕಾನೂನು ಮಾಡಿಲ್ಲ. ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಕೂತು ನಿರ್ಧರಿಸುತ್ತವೆ, ಕೆಲವು ಉದ್ಯೋಗಗಳಲ್ಲಿ ಆ ದರವೇ ಎಲ್ಲರಿಗೂ ಕಡ್ಡಾಯ. ಮಾಮುವಿಗೆ ಮಗ ಹುಟ್ಟಿದಾಗ ಹದಿನೈದು ವಾರ ತಂದೆಯ ರಜೆ ಸಿಕ್ಕಿತು. ಸಂಬಳದ ಬದಲು ಹಣ ಸರ್ಕಾರದ ವಿಮೆಯಿಂದ ಬರುತ್ತದೆ. ಈ ತಂದೆಯ ಪಾಲು 1993ರಲ್ಲಿ ನಾಲ್ಕು ವಾರದಿಂದ ಶುರುವಾಯಿತು. ತಂದೆ ತೆಗೆದುಕೊಳ್ಳದಿದ್ದರೆ ಅದು ತಾಯಿಗೆ ಹೋಗುವುದಿಲ್ಲ, ಮುಳುಗಿಹೋಗುತ್ತದೆ. ಅದಕ್ಕೇ ಎಲ್ಲರೂ ತೆಗೆದುಕೊಳ್ಳುತ್ತಾರೆ. ನಾನಿ ಮೊದಲಿಗೆ ಮಗನ ಕೆಲಸ ಹೋಯಿತು, ನಾಚಿಕೆಗೆ ರಜೆ ಎನ್ನುತ್ತಿದ್ದಾನೆ ಎಂದು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಆಮೇಲೆ ಮಾಮು ಮಗುವನ್ನು ಗಾಡಿಯಲ್ಲಿ ಮಲಗಿಸಿ ಮನೆಯ ಹೊರಗೆ, ಚಳಿಯಲ್ಲಿ, ನಿದ್ದೆ ಮಾಡಲು ಬಿಟ್ಟಿರುವುದನ್ನು ತೋರಿಸಿದರು. ಅಲ್ಲಿ ಎಲ್ಲ ಮಕ್ಕಳೂ ಹಾಗೇ ಮಲಗುತ್ತವೆ, ಉಣ್ಣೆಯಲ್ಲಿ ಸುತ್ತಿ. ಆ ರಾತ್ರಿಯೂ ನಾನಿ ನಿದ್ದೆ ಮಾಡಲಿಲ್ಲ.

ನನಗೆ ಅತ್ಯಂತ ಆಶ್ಚರ್ಯವಾದದ್ದು ತೆರಿಗೆ ಪಟ್ಟಿ. ನಾರ್ವೆಯಲ್ಲಿ ಯಾರ ವರಮಾನ ಎಷ್ಟು, ಆಸ್ತಿ ಎಷ್ಟು, ಎಷ್ಟು ತೆರಿಗೆ ಕಟ್ಟಿದರು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಹಿಂದೆ ಹೆಸರು ತಿಳಿಸದೆ ನೋಡಬಹುದಿತ್ತು. ಆಗ ಎಲ್ಲರೂ ಪಕ್ಕದ ಮನೆಯವರದ್ದೇ ನೋಡುತ್ತಿದ್ದರಂತೆ. 2014ರಿಂದ ನೋಡಿದವರ ಹೆಸರು ನೋಡಿಸಿಕೊಂಡವರಿಗೆ ಗೊತ್ತಾಗುತ್ತದೆ, ಕುತೂಹಲ ಒಂದೇ ಸಲಕ್ಕೆ ತಣ್ಣಗಾಯಿತು. ಬೆಸ್ತೆಮೂರ್ ಮಾಮುವಿನದನ್ನು ನೋಡಿದ್ದಾರೆಯೇ ಎಂದು ಕೇಳಿದೆ. ‘ನೋಡಿದ್ದರೆ ಅವನಿಗೆ ಗೊತ್ತಾಗುತ್ತಿತ್ತು’ ಅಂದರು. ನಮ್ಮ ಬೀದಿಯಲ್ಲಿ ಇಂಥ ಪಟ್ಟಿ ಬಂದರೆ ಎಷ್ಟು ಮದುವೆ ಮಾತುಕತೆ ನಿಲ್ಲುತ್ತವೆ ಎಂದು ಯೋಚಿಸಿ ನೋಡಿ.

ವಸಂತ ಬಂದಾಗ ‘ದೂಗ್ನಾದ್’ ಎಂಬುದೊಂದು ಇದೆ. ಒಂದು ದಿನ ಬೀದಿಯವರೆಲ್ಲ ಸೇರಿ ಎಲೆ ಗುಡಿಸುವುದು, ಬೇಲಿಗೆ ಬಣ್ಣ ಹೊಡೆಯುವುದು, ಆಮೇಲೆ ಕಾಫಿ. ಕೂಲಿ ಇಲ್ಲ. ಬರದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಎಲ್ಲರಿಗೂ ನೆನಪಿರುತ್ತದೆ. 2004ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಇದನ್ನು ದೇಶದ ಪದ ಎಂದು ಜನ ಆರಿಸಿದರು. ಮಾಮುವಿಗೆ ಬೀದಿಯವರು ಪರಿಚಯವಾದದ್ದು ಪೊರಕೆ ಹಿಡಿದ ಮೇಲೆ. ಅದಕ್ಕೆ ಮೊದಲ ಏಳು ತಿಂಗಳು ಯಾರೂ ಬಾಗಿಲು ತಟ್ಟಿರಲಿಲ್ಲ. ಬೆಸ್ತೆಮೂರ್ ಇದಕ್ಕೆ ನಾಚಿಕೊಳ್ಳುತ್ತಾರೆ. ಒಬ್ಬರ ಮನೆಗೆ ಹೇಳದೆ ಹೋಗುವುದು ಅವರಿಗೆ ಮರ್ಯಾದೆಯಲ್ಲ. ನಮಗೆ ಹೋಗದಿರುವುದು ಮರ್ಯಾದೆಯಲ್ಲ.

ಮಾಮುವಿನ ಕೆಲಸ ಜಲವಿದ್ಯುತ್ತಿನದು. ಶಿವಮೊಗ್ಗ ಜಿಲ್ಲೆಯವರಾದ ನಮಗೆ ಅದು ಹೊಸದಲ್ಲ, ಲಿಂಗನಮಕ್ಕಿಯ ನೀರು ನೋಡಿಯೇ ಅವರು ಎಂಜಿನಿಯರಿಂಗ್ ಆರಿಸಿದ್ದು. ನಾರ್ವೆಯ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಭಾಗ ನೀರಿನಿಂದಲೇ. ಸ್ವಾತಂತ್ರ್ಯ ಬಂದದ್ದು 1905ರಲ್ಲಿ. ಅದರ ಬೆನ್ನಿಗೇ ವಿದೇಶಿ ಕಂಪನಿಗಳು ಜಲಪಾತಗಳನ್ನು ಕೊಳ್ಳುತ್ತಿರುವುದನ್ನು ನೋಡಿ ಸರ್ಕಾರ ಗಾಬರಿಯಾಯಿತು. 1909ರ ಕಾನೂನಿನ ಪ್ರಕಾರ ಖಾಸಗಿ ಕಂಪನಿ ವಿದ್ಯುತ್ ಮಾಡಬಹುದು, ಆದರೆ 60ರಿಂದ 80 ವರ್ಷ ಆದ ಮೇಲೆ ಜಲಪಾತವೂ ಯಂತ್ರವೂ ದುಡ್ಡಿಲ್ಲದೆ ಸರ್ಕಾರಕ್ಕೆ ವಾಪಸ್ಸು. ಅರವತ್ತು ವರ್ಷದ ನಂತರ, 1969ರಲ್ಲಿ, ಸಮುದ್ರದಡಿ ಎಕೋಫಿಸ್ಕ್ ಎಂಬಲ್ಲಿ ತೈಲ ಸಿಕ್ಕಿತು. ಆಗ ಅವರಿಗೆ ಇದೇ ಬುದ್ಧಿ ನೆನಪಿತ್ತು.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಫಾರೂಕ್ ಅಲ್ ಕಾಸಿಮ್, ಇರಾಕಿನ ಬಸ್ರಾ ಊರಿನ ಭೂವಿಜ್ಞಾನಿ. ಹೆಂಡತಿ ನಾರ್ವೆಯವರು. ಮಗನಿಗೆ ಸೆರೆಬ್ರಲ್ ಪಾಲ್ಸಿ ಇದ್ದದ್ದರಿಂದ ಚಿಕಿತ್ಸೆಗಾಗಿ 1968ರಲ್ಲಿ ಒಳ್ಳೆಯ ಕೆಲಸ ಬಿಟ್ಟು ನಾರ್ವೆಗೆ ಹೋದರು. ಓಸ್ಲೋದಲ್ಲಿ ಮುಂದಿನ ರೈಲಿಗೆ ಕಾಯಬೇಕಿತ್ತು. ಆ ಹೊತ್ತಿನಲ್ಲಿ ಕೈಗಾರಿಕಾ ಸಚಿವಾಲಯಕ್ಕೆ ನಡೆದುಹೋಗಿ, ನಿಮ್ಮ ದೇಶದಲ್ಲಿ ತೈಲ ಕಂಪನಿಗಳು ಯಾವುವು, ಪಟ್ಟಿ ಕೊಡುತ್ತೀರಾ ಎಂದು ಕೇಳಿದರು. ತೈಲದ ಬಗ್ಗೆ ತಿಳಿದವರು ಅಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ. ಪಟ್ಟಿ ಕೇಳಲು ಹೋದವರಿಗೆ ಕೆಲಸವೇ ಸಿಕ್ಕಿತು. ದೇಶದ ತೈಲ ನೀತಿ ರೂಪಿಸಿದವರಲ್ಲಿ ಅವರೂ ಒಬ್ಬರು, ನಂತರ ಪೆಟ್ರೋಲಿಯಂ ನಿರ್ದೇಶನಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ನಾನಿಗೆ ಈ ಕಥೆ ಹೇಳಿದಾಗ ತೈಲದ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ‘ಮಗ ಹೇಗಿದ್ದಾನೆ?’ ಎಂದು ಕೇಳಿದರು.

1990ರ ಕಾನೂನಿನಿಂದ ತೈಲ ನಿಧಿ ಆಯಿತು, 1996ರಲ್ಲಿ ಮೊದಲ ಹಣ ಅದಕ್ಕೆ ಬಿತ್ತು. ಈಗ ಪ್ರಪಂಚದ ಷೇರುಪೇಟೆಗಳ ಕಂಪನಿಗಳಲ್ಲಿ ಸರಾಸರಿ ನೂರಕ್ಕೆ ಒಂದೂವರೆ ಭಾಗ ಈ ನಿಧಿಯದು, ಭಾರತದ ಕಂಪನಿಗಳಲ್ಲೂ ಇದೆ. ಜನಸಂಖ್ಯೆ 56 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. ನಿಧಿಯ ಹಣವನ್ನು ದೇಶದೊಳಗೆ ಹೂಡುವಂತಿಲ್ಲ, ಬಜೆಟ್ಟಿಗೆ ವರ್ಷಕ್ಕೆ ಸುಮಾರು ನೂರಕ್ಕೆ 3ಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ರೂಢಿ. ತಂಬಾಕು ಕಂಪನಿಗಳ ಷೇರು ಕೊಳ್ಳುವುದಿಲ್ಲ. ಇದನ್ನೆಲ್ಲ ನಾನು ಹೊಗಳಲು ಶುರು ಮಾಡಿದಾಗ ಬೆಸ್ತೆಮೂರ್ ತಡೆದರು. 2024ರಲ್ಲಿ ಅಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ ಕಾರುಗಳು. ‘ನಾವು ಹೊಗೆಯಿಲ್ಲದ ಕಾರಿನಲ್ಲಿ ಓಡಾಡುತ್ತೇವೆ, ಹೊಗೆಯನ್ನು ನಿಮಗೆ ಮಾರುತ್ತೇವೆ’ ಅಂದರು.

ರಂಜಾನ್ ಬಗ್ಗೆ ಓದುಗರು ಕೇಳಿಯೇ ಕೇಳುತ್ತಾರೆ. 2015ರಲ್ಲಿ ರಂಜಾನ್ ಜೂನ್ ನಡುವಿಗೆ ಬಂದಿತ್ತು. ಫೋರ್ಡೆಯಲ್ಲಿ ಆಗ ಸೂರ್ಯ ಮುಳುಗುವುದು ರಾತ್ರಿ 11 ದಾಟಿದ ಮೇಲೆ, ಮತ್ತೆ ಹುಟ್ಟುವುದು 4ರ ಸುಮಾರಿಗೆ, ನಡುವೆ ಪೂರ್ತಿ ಕತ್ತಲೆಯೇ ಆಗುವುದಿಲ್ಲ. ಇಫ್ತಾರ್, ಇಶಾ, ಸಹರಿ ಎಲ್ಲ ಒಂದರ ಕಾಲನ್ನು ಒಂದು ತುಳಿಯುತ್ತವೆ. ಇನ್ನೂ ಉತ್ತರದ ಟ್ರೋಮ್ಸೋದಲ್ಲಿ ಮೇ ಕೊನೆಯಿಂದ ಜುಲೈ ಕೊನೆಯ ಹತ್ತಿರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಲ್ಲಿನ ಹಲವರು ಮಕ್ಕಾದ ಸಮಯ ನೋಡಿ ರೋಜಾ ಬಿಡುತ್ತಾರೆ. ಆಗ ಮಾಮು ಒಬ್ಬರೇ ಇದ್ದರು. ನಡುರಾತ್ರಿ ಅಡುಗೆಮನೆಯ ದೀಪ ಉರಿಯುವುದನ್ನು ನೋಡಿ ಪಕ್ಕದ ಮನೆಯವರು ಹುಷಾರಿಲ್ಲವೇನೋ ಎಂದುಕೊಂಡು ಮಾರನೇ ದಿನ ಕೇಳಿದರು. ವಿಷಯ ತಿಳಿದ ಮೇಲೆ ಎರಡು ದಿನಕ್ಕೊಮ್ಮೆ 11 ಗಂಟೆಗೆ ಬೇಯಿಸಿದ ಆಲೂಗಡ್ಡೆ, ಮೀನು ಬಾಗಿಲ ಬಳಿ. ಬೆಸ್ತೆಮೂರ್ ಸಂಬಂಧ ಶುರುವಾದದ್ದು ಹೀಗೆ. 2030ರಲ್ಲಿ ರಂಜಾನ್ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ಶುರುವಾಗುತ್ತದೆ. ಆಗ ಅಲ್ಲಿ ಮಧ್ಯಾಹ್ನ ಮೂರೂವರೆಗೇ ಮಗ್ರಿಬ್. ಮಾಮು ಈಗಲೇ ಖುಷಿಯಲ್ಲಿದ್ದಾರೆ.

ಇಷ್ಟೆಲ್ಲದರ ನಡುವೆ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅವರ ಭಾಷೆಯ ಜಗಳ. ಅಷ್ಟು ಸಣ್ಣ ದೇಶದಲ್ಲಿ ನಾರ್ವೇಜಿಯನ್ ಬರೆಯುವುದಕ್ಕೆ ಎರಡು ಕ್ರಮ. ಪಾಸ್‌ಪೋರ್ಟಿನ ಮೇಲೆ ದೇಶದ ಹೆಸರೇ ನೋರ್ಗೆ ಎಂದೂ ಇದೆ, ನೋರೆಗ್ ಎಂದೂ ಇದೆ. ನಾನೂರು ವರ್ಷದಷ್ಟು ಕಾಲ ಡೆನ್ಮಾರ್ಕಿನ ಜೊತೆಗಿದ್ದದ್ದರಿಂದ ಬರವಣಿಗೆ ಡ್ಯಾನಿಷ್ ಆಗಿತ್ತು, 1814ರ ನಂತರವೂ. ರೈತರ ಮಾತು ಬೇರೆ, ಪುಸ್ತಕದ ಮಾತು ಬೇರೆ. ಈವಾರ್ ಓಸೆನ್ ಎಂಬ ರೈತನ ಮಗ, ಕಾಲೇಜಿಗೆ ಹೋಗದವನು, 1840ರ ದಶಕದಲ್ಲಿ ಊರೂರು ತಿರುಗಿ ಜನ ಆಡುವ ಮಾತನ್ನು ಬರೆದುಕೊಂಡ. 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು. ಅವನ ಕೆಲಸದಿಂದ ಬಂದದ್ದು ನೀನೋರ್ಸ್ಕ್, ಅಂದರೆ ಹೊಸ ನಾರ್ವೇಜಿಯನ್. ಡ್ಯಾನಿಷ್ ಬರಹವನ್ನೇ ಮೆಲ್ಲಗೆ ತಿದ್ದಿ ಬಂದದ್ದು ಬೂಕ್‌ಮೋಲ್, ಪುಸ್ತಕದ ಭಾಷೆ. 1885ರಲ್ಲಿ ಸಂಸತ್ತು ಎರಡೂ ಸಮ ಎಂದಿತು. ಈಗ ನೂರು ಮಕ್ಕಳಲ್ಲಿ ಹನ್ನೆರಡರಷ್ಟು ಮಾತ್ರ ನೀನೋರ್ಸ್ಕ್‌ನಲ್ಲಿ ಕಲಿಯುತ್ತಾರೆ, ಫೋರ್ಡೆ ಅಂಥ ಊರು. 2023ರ ಸಾಹಿತ್ಯ ನೊಬೆಲ್ ಪಡೆದ ಯೂನ್ ಫೊಸ್ಸೆ ಬರೆಯುವುದು ಇದರಲ್ಲೇ. ಮುಂದೆ ಹೋದಂತೆ ಎಲ್ಲ ಮಕ್ಕಳೂ ಇನ್ನೊಂದನ್ನೂ ಬರೆಯಲು ಕಲಿಯಬೇಕು, ಯಾಕೆ ಬೇಕು ಎಂದು ಗೊಣಗಬೇಕು. ಗೊಣಗುವುದು ನಮ್ಮ ಹಾಗೇ.

ಆದರೆ ಮಾತಾಡುವಾಗ ಯಾರೂ ಎರಡನ್ನೂ ಆಡುವುದಿಲ್ಲ, ಅವರವರ ಊರಿನ ಮಾತೇ. ನಾನು ಎನ್ನುವುದಕ್ಕೆ ಒಂದು ಕಡೆ ಯೈ, ಒಂದು ಕಡೆ ಏಗ್, ಉತ್ತರದಲ್ಲಿ ಬರೀ ಆ್ಯ. ಸಂಸತ್ತಿನಲ್ಲೂ ಟಿವಿಯಲ್ಲೂ ಹಾಗೇ ಮಾತಾಡುತ್ತಾರೆ. ಮಕ್ಕಳಿಗೆ ಆದಷ್ಟೂ ಅವರ ಆಡುಮಾತಿನಲ್ಲೇ ಪಾಠ ಮಾಡಬೇಕು ಎಂದು ಸಂಸತ್ತು 1878ರಲ್ಲೇ ನಿರ್ಣಯ ಮಾಡಿತು. ಬೆಸ್ತೆಮೂರ್ ನಲವತ್ತು ವರ್ಷ ಪಾಠ ಮಾಡಿದರೂ ಒಂದು ಮಗುವಿನ ಉಚ್ಚಾರಣೆಯನ್ನು ತಿದ್ದಲಿಲ್ಲವಂತೆ, ಬರವಣಿಗೆಯನ್ನು ಮಾತ್ರ.

ಇದನ್ನು ತರ್ಜುಮೆ ಮಾಡುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು. ನಮ್ಮ ಮನೆಯ ಮಾತು ದಖ್ಖನಿ. ಅದರಲ್ಲಿ ‘ನಕ್ಕೋ’ ಇದೆ, ‘ಕೈಕು’ ಇದೆ, ಕನ್ನಡದ ‘ಹೌದು’ ಪಕ್ಕದಲ್ಲೇ ನಿಂತಿರುವ ‘ಹೌ’ ಇದೆ. ಉರ್ದು ಪುಸ್ತಕದವರು ಇದನ್ನು ಕೇಳಿ ನಗುತ್ತಾರೆ. ಕನ್ನಡ ಮಾತಾಡಿದರೆ ಇನ್ನು ಕೆಲವರು ‘ನಿಮ್ಮ ಕನ್ನಡ’ ಎನ್ನುತ್ತಾರೆ, ಅದು ಬೇರೆ ಅಂಗಡಿಯ ಸಾಮಾನಿನ ಹಾಗೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ‘ಕಿತಾಬ್-ಎ-ನೌರಸ್’ ಬರೆದದ್ದು ನಾನಿಯ ಈ ಮಾತಿನ ಹಿರಿಯ ರೂಪದಲ್ಲೇ, ಸುಮಾರು ನಾನೂರು ವರ್ಷದ ಹಿಂದೆ. ನಮ್ಮ ಊರುಗಳಲ್ಲೂ ಓಸೆನ್‌ನಂಥವನೊಬ್ಬ ನಡೆದುಹೋಗಿದ್ದರೆ ಚೆನ್ನಾಗಿತ್ತು.

ಬೆಸ್ತೆಮೂರ್ ಇಲ್ಲೂ ನನ್ನನ್ನು ತಡೆದರು. ಆಡುಮಾತಿಗಾಗಿ ಇಷ್ಟು ಹೋರಾಡಿದ ಇದೇ ದೇಶ, ಉತ್ತರದ ಸಾಮಿ ಜನರ ಮಕ್ಕಳನ್ನು ನೂರು ವರ್ಷ ಶಾಲೆಗಳಲ್ಲಿ ಅವರ ಭಾಷೆ ಆಡದಂತೆ ಮಾಡಿತು. ಮನೆಗೆ ಹೋದ ಮಗುವಿಗೂ ಅಜ್ಜಿಗೂ ಮಾತಿಲ್ಲದಂತಾಯಿತು. ಈ ಬಗ್ಗೆ ಸಂಸತ್ತು ನೇಮಿಸಿದ ಆಯೋಗ 2023ರಲ್ಲಿ ವರದಿ ಕೊಟ್ಟಿತು, 2024ರ ನವೆಂಬರಿನಲ್ಲಿ ಸಂಸತ್ತು ಕ್ಷಮೆ ಕೇಳಿತು. ‘ನಮ್ಮನ್ನು ಬಹಳ ನಂಬಬೇಡ’ ಅಂದರು. ನಾನಿ ಇದನ್ನು ಕೇಳಿ, ಅಜ್ಜಿ ಮೊಮ್ಮಕ್ಕಳ ಮಾತು ನಿಲ್ಲಿಸಲು ಕಾನೂನೇ ಬೇಕಾಗಿಲ್ಲ, ವಿಮಾನ ಸಾಕು ಅಂದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಮಾಮು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು.

ಅವಳ ಶಾಲೆಯಲ್ಲಿ ಉರ್ದು ಇಲ್ಲ. ಮನೆಭಾಷೆಯ ಪಾಠದ ಹಕ್ಕು ಇರುವುದು ನಾರ್ವೇಜಿಯನ್ ಸಾಕಷ್ಟು ಬರುವವರೆಗೆ ಮಾತ್ರ, ಇವಳಿಗೆ ಅದು ಚೆನ್ನಾಗಿಯೇ ಬರುತ್ತದೆ. ಓಸ್ಲೋದಲ್ಲಿ ಪಾಕಿಸ್ತಾನದಿಂದ 1970ರ ಹೊತ್ತಿಗೆ ಹೋದ ಕುಟುಂಬಗಳು ಬಹಳ ಇವೆ, ಅಲ್ಲಿ ಉರ್ದು ಕಿವಿಗೆ ಬೀಳುತ್ತದೆ. ಫೋರ್ಡೆಯಲ್ಲಿ ಇವರ ಮನೆಯೊಂದೇ.

ಜೂನ್ ಕೊನೆಗೆ ಅಲ್ಲಿನ ಶಾಲೆಗಳಿಗೆ ರಜೆ, ಆರು ವಾರಕ್ಕೆ ಬರುತ್ತಿದ್ದಾರೆ. ನಾನಿ ಗಾಂಧಿ ಬಜಾರಿನಿಂದ ಉರ್ದು ಕಾಯಿದಾ ತರಿಸಿದ್ದಾರೆ, ಅಲಿಫ್ ಬೇ ಕಲಿಸುವ ಕೆಲಸ ನನ್ನದು. ಬೆಸ್ತೆಮೂರ್ ಹೇಳಿದ್ದು ಬೇರೆ: ಅಕ್ಷರ ಆಮೇಲೆ ಬರಲಿ, ಮೊದಲು ಅಜ್ಜಿಯ ಬಾಯಿಂದ ಬೀಳುವ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಬರೆಯುತ್ತಿದ್ದೇನೆ, ನನಗೆ ಬೇಗ ಓಡುವ ಕನ್ನಡ ಲಿಪಿಯಲ್ಲಿ. 140 ಆಗಿವೆ. ‘ಹಲ್ಲು’ ಅಂದರೆ ಮೆಲ್ಲಗೆ ಎಂದು ಬರೆದು ಪಕ್ಕದಲ್ಲಿ ‘ಕನ್ನಡದ ಹಲ್ಲು ಅಲ್ಲ’ ಎಂದು ಸೇರಿಸಬೇಕಾಯಿತು. ಈಗ ನಿಂತಿರುವುದು ‘ಕಲ್’ ಹತ್ತಿರ. ನಿನ್ನೆಗೂ ಅದೇ, ನಾಳೆಗೂ ಅದೇ. ಅವಳು ಯಾವಾಗ ಬರುತ್ತಾಳೆ ಎಂದು ನಾನಿ ದಿನವೂ ಕೇಳುತ್ತಾರೆ, ಕ್ಯಾಲೆಂಡರಿನಲ್ಲಿ ಇನ್ನೂ ಹತ್ತೊಂಬತ್ತು ದಿನ ಇವೆ.